ಸಾತ್ ಮಂಜಿಲ್‌ನ ಇಲ್ಲದ ಮಹಡಿಗಳು: ಅಳಿದ ಅರಮನೆಯನ್ನು ವಿಡಿಯೊ ಗೇಮ್ ಹೇಗೆ ಕಟ್ಟುತ್ತದೆ?

1685ನೆಯ ಇಸವಿ, ಜುಲೈ 21. ಫ್ರಾನ್ಸಿನ ವರ್ಸೇಲ್ಸ್ ಅರಮನೆಯಲ್ಲಿ ಬೆಳಗಾಗುತ್ತಿದೆ. ಅರಮನೆಯನ್ನೇ ನಾಶಮಾಡುವ ಸಂಚೊಂದು ನಡೆದಿದೆ ಎಂಬ ಸುಳಿವು ದೊರೆ ಹದಿನಾಲ್ಕನೆಯ ಲೂಯಿಗೆ ಸಿಕ್ಕಿದೆ. ಸುದ್ದಿ ಹಬ್ಬಿದರೆ ಆಸ್ಥಾನವೇ ತಲ್ಲಣಿಸುತ್ತದೆ. ಆದ್ದರಿಂದ ತನಿಖೆ ಗುಟ್ಟಾಗಿಯೇ ನಡೆಯಬೇಕು. ಆ ಹೊಣೆ ದೊರೆಯ ಮುಖ್ಯ ಪರಿಚಾರಕ ಬೊಂತಾಂನ ಮೇಲೆ ಬೀಳುತ್ತದೆ, ಅವನ ಕೈಕೆಳಗಿನ ಲಾಲಾಂಡ್ ಎಂಬ ಸೇವಕ ಕೋಣೆಯಿಂದ ಕೋಣೆಗೆ ಸುತ್ತಿ ಸುಳಿವು ಹುಡುಕುತ್ತಾನೆ. ಆ ಲಾಲಾಂಡ್ ಬೇರೆ ಯಾರೂ ಅಲ್ಲ, ಕಂಪ್ಯೂಟರಿನ ಮುಂದೆ ಕುಳಿತ ಆಟಗಾರನೇ. ಫ್ರಾನ್ಸಿನ ಕ್ರಯೊ ಇಂಟರಾಕ್ಟಿವ್ ಕಂಪನಿ ಅಲ್ಲಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಗಳ ಒಕ್ಕೂಟದ ಜೊತೆಗೂಡಿ 1996ರಲ್ಲಿ ಹೊರತಂದ ‘ವರ್ಸೇಲ್ಸ್ 1685’ ಎಂಬ ಸಾಹಸ ಗೇಮ್‌ನ ಕಥೆಯಿದು. ಬೊಂತಾಂ ಇತಿಹಾಸದಲ್ಲಿ ಬದುಕಿದ್ದ ವ್ಯಕ್ತಿ. ಸಂಚು ಕಲ್ಪಿತ. ಅರಮನೆ ಮಾತ್ರ ಇಂದಿಗೂ ನಿಂತಿದೆ.

ಅದೇ ಜುಲೈ ತಿಂಗಳಿನಲ್ಲಿ ನಮ್ಮ ವಿಜಯಪುರದ ಕೋಟೆಯ ಸುತ್ತ ಮೊಘಲರ ಸೈನ್ಯ ಬೀಡುಬಿಟ್ಟಿತ್ತು. 1685ರ ಏಪ್ರಿಲ್‌ನಲ್ಲಿ ಆರಂಭವಾದ ಮುತ್ತಿಗೆ 1686ರ ಸೆಪ್ಟೆಂಬರ್ 12ರವರೆಗೆ ನಡೆಯಿತು. ಒಳಗೆ ಹಸಿವು, ಹೊರಗಿನ ಪಾಳೆಯದಲ್ಲೂ ಹಸಿವು. ನಾಲ್ಕು ವರ್ಷದವನಾಗಿದ್ದಾಗ ಪಟ್ಟಕ್ಕೇರಿದ್ದ ಸಿಕಂದರ್ ಆದಿಲ್ ಶಾಹ ಹದಿನೆಂಟರ ಆಸುಪಾಸಿನಲ್ಲಿ ಔರಂಗಜೇಬನಿಗೆ ಶರಣಾದ. ಸುಮಾರು ಇನ್ನೂರು ವರ್ಷ ಬಾಳಿದ ರಾಜ್ಯವೊಂದು ಅಂದು ಮುಗಿಯಿತು. ವರ್ಸೇಲ್ಸ್‌ನಲ್ಲಿ ಕಲ್ಪನೆಯಾಗಿದ್ದ ಆಪತ್ತು ಇಲ್ಲಿ ನಿಜವಾಗಿ ಬಂದೆರಗಿತ್ತು.

ಈ ಎರಡು ಅರಮನೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ನನಗೆ ಬಲವಾದ ಕಾರಣವಿದೆ. ವರ್ಸೇಲ್ಸ್ ಅನ್ನು ಗೇಮ್ ಮಾಡುವವರು ಇರುವ ಅರಮನೆಯನ್ನು ತೋರಿಸುತ್ತಾರೆ. ವಿಜಯಪುರದ ಅರಕಿಲ್ಲಾದ ಅರಮನೆಗಳನ್ನು ಗೇಮ್ ಮಾಡಬೇಕೆಂದರೆ ಇಲ್ಲದ್ದನ್ನು ಕಟ್ಟಬೇಕು. ಎರಡನೆಯದು ಕಷ್ಟ, ಆದರೆ ಕಲಿಯುವುದಕ್ಕೆ ಅದರಲ್ಲೇ ಹೆಚ್ಚು ಸಿಗುತ್ತದೆ. ಐತಿಹಾಸಿಕ ಗೇಮ್ ಎಂದರೆ ಕತ್ತಿ, ಕುದುರೆ, ಗೋಡೆ ಹತ್ತುವುದು ಎಂದಷ್ಟೇ ತಿಳಿದಿರುವವರಿಗೆ ಅದರ ಒಳಗಿನ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಮ್ಮ ಊರಿನ ಕಲ್ಲುಗಳನ್ನೇ ಮುಂದಿಟ್ಟುಕೊಂಡು ವಿವರಿಸುವುದು ಈ ಲೇಖನದ ಉದ್ದೇಶ.

ಮೊದಲು ನಮ್ಮ ಕೈಯಲ್ಲಿ ಏನಿದೆ ನೋಡೋಣ. ಅರಕಿಲ್ಲಾ ಎಂದರೆ ಕೋಟೆಯೊಳಗಿನ ಕೋಟೆ, ಅರಮನೆಗಳಿದ್ದ ಒಳಆವರಣ. ಅದರ ಗೋಡೆ ಬಹುಪಾಲು ಹೋಗಿದೆ, ಸುತ್ತಲಿನ ಕಂದಕದ ತುಣುಕುಗಳು ಉಳಿದಿವೆ. ಒಂದನೆಯ ಅಲಿ ಆದಿಲ್ ಶಾಹ 1561ರ ಸುಮಾರಿಗೆ ಕಟ್ಟಿಸಿದ ಗಗನ ಮಹಲ್‌ನ ಮುಂಭಾಗದಲ್ಲಿ ಮೂರು ಕಮಾನುಗಳಿವೆ. ನಡುವಿನದು ಸುಮಾರು 60 ಅಡಿ ಅಗಲ. ಕೆಳಗೆ ದರ್ಬಾರು, ಮೇಲೆ ರಾಜಪರಿವಾರದ ವಾಸ. ಆದರೆ ಮೇಲಿನ ಅಂತಸ್ತನ್ನು ಹೊತ್ತಿದ್ದ ಮರದ ಕಂಬ, ತೊಲೆ, ಚಾವಣಿ ಯಾವುದೂ ಇಲ್ಲ. ಕಮಾನಿನ ಕೆಳಗೆ ನಿಂತು ತಲೆಯೆತ್ತಿದರೆ ಕಾಣುವುದು ಆಕಾಶ ಮಾತ್ರ. ಎರಡನೆಯ ಇಬ್ರಾಹಿಂ 1583ರಲ್ಲಿ ಕಟ್ಟಿಸಿದ ಸಾತ್ ಮಂಜಿಲ್ ಏಳು ಅಂತಸ್ತಿನ ಅರಮನೆ. ಈಗ ಐದಷ್ಟೇ ಉಳಿದಿವೆ, ಅವೂ ಪೂರ್ತಿಯಾಗಿಲ್ಲ. ಗೋಡೆಗಳಲ್ಲಿ ನೀರಿನ ಕೊಳವೆಗಳ ಜಾಡು, ಅಲ್ಲಲ್ಲಿ ಸ್ನಾನದ ತೊಟ್ಟಿಗಳು, ಬಣ್ಣದ ಚಿತ್ರಗಳ ಮಸುಕು ಗುರುತು. ಅದರ ಎದುರಿಗೆ ಜಲ ಮಂಜಿಲ್ ಎಂಬ ಪುಟ್ಟ ಮಂಟಪ, ಹಿಂದೆ ನೀರಿನ ನಡುವೆ ನಿಂತಿದ್ದದ್ದು. 1589ರ ಆನಂದ ಮಹಲ್ ಇದೆ. ಚೀನಿ ಮಹಲ್ ಇದೆ. ಕಂದಕದ ಪೂರ್ವದ ಆಚೆಗೆ 1646ರ ಆಸಾರ್ ಮಹಲ್, ಮರದ ಎತ್ತರದ ಕಂಬಗಳೂ ಮೇಲಂತಸ್ತಿನ ಭಿತ್ತಿಚಿತ್ರಗಳೂ ಇರುವ ಕಾರಣ ನಮ್ಮ ಪಾಲಿಗೆ ಬಹಳ ದೊಡ್ಡ ಸಾಕ್ಷಿ. 1880ರ ದಶಕದಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂದಾಗ ಬ್ರಿಟಿಷರು ಹಲವು ಮಹಲುಗಳನ್ನು ಕಚೇರಿಗಳನ್ನಾಗಿ ಮಾಡಿಕೊಂಡರು. ಅದರಿಂದ ಕೆಲವು ಕಟ್ಟಡಗಳು ಉಳಿದವು, ಆದರೆ ಒಳಗಿನ ರೂಪ ಬದಲಾಯಿತು.

ಗೇಮ್ ಕಟ್ಟುವವರು ಇಂಥ ಆವರಣವನ್ನು ಮೂರು ಪದರಗಳಾಗಿ ಬಿಡಿಸಿ ನೋಡಬೇಕಾಗುತ್ತದೆ. ಕಣ್ಣಿಗೆ ಕಂಡು, ಅಳತೆಗೆ ಸಿಗುವುದು ಮೊದಲನೆಯದು: ಗಗನ ಮಹಲ್‌ನ ಕಮಾನು. ಸಾಕ್ಷಿಗಳ ಮೇಲೆ ನಿಂತು ಊಹಿಸುವುದು ಎರಡನೆಯದು: ಗೋಡೆಯಲ್ಲಿ ತೊಲೆ ಕೂರಿಸಿದ ತೂತಿದ್ದರೆ ಅಲ್ಲಿ ಮರದ ಅಟ್ಟ ಇತ್ತು ಎನ್ನಬಹುದು, ತೂತಿನ ಅಳತೆಯಿಂದ ತೊಲೆಯ ದಪ್ಪವನ್ನೂ ಹೇಳಬಹುದು. ಯಾವ ಸಾಕ್ಷಿಯೂ ಇಲ್ಲದೆ ತುಂಬುವುದು ಮೂರನೆಯದು: ಸಾತ್ ಮಂಜಿಲ್‌ನ ಏಳನೆಯ ಮಹಡಿಯ ಕಿಟಕಿಗೆ ಯಾವ ಬಣ್ಣದ ಪರದೆ ಇತ್ತು? ಪರಂಪರೆಯ ತಾಣಗಳನ್ನು ಕಂಪ್ಯೂಟರಿನಲ್ಲಿ ಮರುರೂಪಿಸುವವರಿಗಾಗಿ 2006ರಲ್ಲಿ ರೂಪುಗೊಂಡ ಲಂಡನ್ ಚಾರ್ಟರ್ ಎಂಬ ಮಾರ್ಗಸೂಚಿಯ ತಿರುಳೂ ಇದೇ. ಯಾವುದು ಸಾಕ್ಷಿ, ಯಾವುದು ಊಹೆ, ಆ ಊಹೆಗೆ ಹೇಗೆ ಬಂದಿರಿ ಎಂಬುದನ್ನು ದಾಖಲಿಸಿ, ನೋಡುವವರಿಗೂ ತಿಳಿಸಿ ಎನ್ನುತ್ತದೆ ಅದು. ಕಂಪ್ಯೂಟರಿನ ಪರದೆಯ ಮೇಲೆ ಮೂರೂ ಪದರಗಳು ಒಂದೇ ಹೊಳಪಿನಲ್ಲಿ ಕಾಣುತ್ತವೆ. ನಿಜವಾದ ಕಲ್ಲಿಗೂ ಕಲ್ಪನೆಯ ಕಲ್ಲಿಗೂ ಒಂದೇ ಬಿಸಿಲು ಬೀಳುತ್ತದೆ. ಅಪಾಯವಿರುವುದು ಅಲ್ಲಿಯೇ.

ಮೊದಲ ಪದರವನ್ನು ಕಂಪ್ಯೂಟರಿಗೆ ಸೇರಿಸುವ ಕೆಲಸ ಈಗ ಸುಲಭವಾಗಿದೆ. ಒಂದು ಕಟ್ಟಡವನ್ನು ಸುತ್ತಲಿನಿಂದ, ಒಂದು ಚಿತ್ರದ ಬಹುಭಾಗ ಮುಂದಿನ ಚಿತ್ರದಲ್ಲೂ ಬರುವ ಹಾಗೆ ನೂರಾರು ಫೋಟೊ ತೆಗೆಯುತ್ತಾರೆ. ಒಂದೇ ಬಿಂದು ಬೇರೆ ಬೇರೆ ಫೋಟೊಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆ ಎಂಬುದನ್ನು ಹೋಲಿಸಿ ಆ ಬಿಂದುವಿನ ದೂರ, ಎತ್ತರವನ್ನು ತಂತ್ರಾಂಶ ಲೆಕ್ಕ ಹಾಕುತ್ತದೆ. ಇದಕ್ಕೆ ಫೋಟೊಗ್ರಾಮೆಟ್ರಿ ಎನ್ನುತ್ತಾರೆ. ಲೇಸರ್ ಸ್ಕ್ಯಾನರ್ ಇದ್ದರೆ ಬೆಳಕಿನ ಕಿರಣ ಬಿಟ್ಟು ದೂರವನ್ನು ನೇರವಾಗಿಯೇ ಅಳೆಯಬಹುದು. ಎರಡರಿಂದಲೂ ಸಿಗುವುದು ಲಕ್ಷಾಂತರ ಬಿಂದುಗಳ ಮೋಡ. ಆ ಬಿಂದುಗಳನ್ನು ಜೋಡಿಸಿ ಸಣ್ಣ ಸಣ್ಣ ತ್ರಿಕೋನಗಳ ಹೊದಿಕೆ ಮಾಡುತ್ತಾರೆ. ನಮ್ಮ ಕಡೆಯ ಹೆಂಗಸರು ಬಟ್ಟೆಯ ತುಂಡುಗಳನ್ನು ಹೊಲಿದು ಕೌದಿ ಮಾಡುವಂತೆ, ಇಲ್ಲಿ ತ್ರಿಕೋನಗಳು ಸೇರಿ ಗೋಡೆಯಾಗುತ್ತವೆ. ಅದರ ಮೇಲೆ ಕಲ್ಲಿನ ಬಣ್ಣ, ಗಾರೆಯ ಬಿರುಕು, ಪಾಚಿಯ ಕಲೆಯ ಚಿತ್ರವನ್ನು ಹೊದಿಸುತ್ತಾರೆ.

ತ್ರಿಕೋನಗಳು ಹೆಚ್ಚಿದಷ್ಟೂ ಗೋಡೆ ನೈಜವಾಗುತ್ತದೆ, ಕಂಪ್ಯೂಟರಿನ ಹೊರೆಯೂ ಏರುತ್ತದೆ. 1996ರ ಗೇಮ್ ಈ ತೊಡಕನ್ನು ಬೇರೆ ದಾರಿಯಿಂದ ದಾಟಿತು: ಪ್ರತಿ ಕೋಣೆಯ ಸುತ್ತುನೋಟವನ್ನು ಸ್ಟುಡಿಯೊದಲ್ಲೇ ಮೊದಲು ಚಿತ್ರಿಸಿಟ್ಟು ಸಿ.ಡಿ.ಯಲ್ಲಿ ತುಂಬಿತು. ಆಟಗಾರ ನಿಂತಲ್ಲಿಂದ ಸುತ್ತ ತಿರುಗಿ ನೋಡಬಹುದು, ಒಂದು ಜಾಗದಿಂದ ಇನ್ನೊಂದಕ್ಕೆ ಹೋಗಬಹುದು. ಮನಬಂದಂತೆ ಓಡಾಡಲು ಆಗದು. ಇಂದಿನ ಗೇಮ್‌ಗಳಲ್ಲಿ ಸೆಕೆಂಡಿಗೆ 60 ಬಾರಿ ಹೊಸ ಚಿತ್ರ ಮೂಡಬೇಕು, ಅಂದರೆ ಒಂದು ಚಿತ್ರಕ್ಕೆ ಸಿಗುವ ಸಮಯ ಸೆಕೆಂಡಿನ ಅರವತ್ತನೆಯ ಒಂದು ಭಾಗ. ಆದ್ದರಿಂದ ಹತ್ತಿರದ ಕಮಾನನ್ನು ಸಾವಿರಾರು ತ್ರಿಕೋನಗಳಲ್ಲಿಯೂ ದೂರದ ಮಿನಾರನ್ನು ಕೆಲವೇ ತ್ರಿಕೋನಗಳಲ್ಲಿಯೂ ಬಿಡಿಸುತ್ತಾರೆ. ಆಟಗಾರ ಹತ್ತಿರ ಹೋದಂತೆ ಮಿನಾರು ಸದ್ದಿಲ್ಲದೆ ಬದಲಾಗುತ್ತದೆ. ತಂತ್ರದ ಮಾತು ಇಷ್ಟು ಸಾಕು. ಇತಿಹಾಸಕ್ಕೆ ಸಂಬಂಧಿಸಿದ ಕಠಿಣ ನಿರ್ಧಾರಗಳು ಬೇರೆ ಇವೆ.

ಅವುಗಳಲ್ಲಿ ಮೊದಲನೆಯದು, ಯಾವ ವರ್ಷ?

ಇದು ಸಣ್ಣ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಗರದ ಇಡೀ ನೋಟವನ್ನು ನಿರ್ಧರಿಸುವುದು ಇದೇ. ನನ್ನ ಆಯ್ಕೆ 1604ರ ಸುಮಾರು. ಆ ಹೊತ್ತಿಗೆ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಯಪುರಕ್ಕೆ ಬಂದಿದ್ದ. ಇಬ್ರಾಹಿಮನ ಮಗಳನ್ನು ಮೊಘಲ್ ರಾಜಕುಮಾರ ದಾನಿಯಾಲನಿಗೆ ಮದುವೆ ಮಾಡಿಸಲು ಕರೆದೊಯ್ಯುವುದು ಅವನ ಕೆಲಸ. ಇಲ್ಲಿನ ಅರಮನೆಯ ವೈಭವವನ್ನೂ ಅಗಲವಾದ ಬಜಾರಿನ ಬೀದಿಯನ್ನೂ ಅಂಗಡಿಗಳಲ್ಲಿ ತುಂಬಿದ್ದ ಆಭರಣ, ಬಟ್ಟೆ, ತಿಂಡಿ, ಮದ್ಯಗಳನ್ನೂ ಬೆರಗಿನಿಂದ ಬರೆದಿಟ್ಟ. ಉತ್ತರದಲ್ಲಿ ತಾನು ಕಂಡಿರದ ಹೊಗೆಸೊಪ್ಪನ್ನು ಇಲ್ಲಿ ಕಂಡು, ಅಂದವಾದ ನಳಿಗೆಯ ಸಮೇತ ಅಕ್ಬರನಿಗೆ ಒಯ್ದು ಒಪ್ಪಿಸಿದ. ಸಾಹಸ ಗೇಮ್‌ಗೆ ಇದಕ್ಕಿಂತ ಒಳ್ಳೆಯ ಕಥಾವಸ್ತು ಎಲ್ಲಿ ಸಿಗುತ್ತದೆ? ಮಗಳನ್ನು ಕಳಿಸಲು ಹಿಂದೇಟು ಹಾಕುತ್ತಿರುವ ದೊರೆ, ಗಡುವು ಮೀರುತ್ತಿರುವ ರಾಯಭಾರಿ, ಎಲ್ಲರ ಬಾಯಲ್ಲೂ ಪಿಸುಮಾತು. ಇತಿಹಾಸಕಾರ ಫಿರಿಶ್ತಾ ಕೂಡ ಆಗ ಇದೇ ಆಸ್ಥಾನದಲ್ಲಿದ್ದ.

ಈಗ ಆ ವರ್ಷದ ನಗರವನ್ನು ಕಣ್ಣ ಮುಂದೆ ತಂದುಕೊಳ್ಳಿ. ಒಂದನೆಯ ಅಲಿಯ ಕಾಲದ ಸುಮಾರು ಹತ್ತು ಕಿಲೋಮೀಟರ್ ಸುತ್ತಳತೆಯ ಕೋಟೆಗೋಡೆ ಇದೆ. ಗಗನ ಮಹಲ್, ಸಾತ್ ಮಂಜಿಲ್, ಆನಂದ ಮಹಲ್, ಜಾಮಿಯಾ ಮಸೀದಿ, ಉಪ್ಪಲಿ ಬುರುಜು, ಚಾಂದ್ ಬಾವಡಿ ಇವೆ. ಪಶ್ಚಿಮಕ್ಕೆ ತೊರವಿಯ ಕಡೆ ಇಬ್ರಾಹಿಂ 1599ರಲ್ಲಿ ಆರಂಭಿಸಿದ ನವರಸಪುರ ಮೇಲೇಳುತ್ತಿದೆ. ಇಪ್ಪತ್ತೈದು ವರ್ಷಗಳಲ್ಲೇ ಅಹ್ಮದ್‌ನಗರದ ಸೇನಾನಿ ಮಲಿಕ್ ಅಂಬರ್ ಅದನ್ನು ಹಾಳುಗೆಡವುತ್ತಾನೆ ಎಂಬುದು ಅಂದು ಯಾರಿಗೂ ಗೊತ್ತಿಲ್ಲ. ಇಬ್ರಾಹಿಂ ರೋಜಾ ಇಲ್ಲ. ತಾಜ್ ಬಾವಡಿ ಇಲ್ಲ, ಅದು 1620ರದು. ಮಲಿಕ್-ಎ-ಮೈದಾನ್ ತೋಪು ಎರಕವಾಗಿದ್ದರೂ ಊರಿಗೆ ಬಂದಿಲ್ಲ, ಪರಾಂಡಾದಿಂದ ಬರುವುದು 1632ರಲ್ಲಿ. ಆಸಾರ್ ಮಹಲ್ ಇಲ್ಲ, ಬೇಗಂ ತಲಾಬ್ ಇಲ್ಲ, ಬಾರಾ ಕಮಾನ್ ಇಲ್ಲ. ಮುಖ್ಯವಾಗಿ, ಗೋಳಗುಮ್ಮಟವೇ ಇಲ್ಲ!

ಗೋಳಗುಮ್ಮಟವಿಲ್ಲದ ವಿಜಯಪುರವನ್ನು ಆಟಗಾರ ಒಪ್ಪಿಯಾನೇ? ಗೇಮ್ ಮಾರಾಟ ಮಾಡುವವರಂತೂ ಒಪ್ಪುವುದಿಲ್ಲ. ಇಂಥದೇ ಬಿಕ್ಕಟ್ಟು 2014ರ ‘ಅಸ್ಯಾಸಿನ್ಸ್ ಕ್ರೀಡ್ ಯೂನಿಟಿ’ ಗೇಮ್ ಮಾಡಿದ ಯೂಬಿಸಾಫ್ಟ್ ಕಂಪನಿಗೂ ಎದುರಾಗಿತ್ತು. ಆ ಗೇಮ್ ನಡೆಯುವುದು ಫ್ರೆಂಚ್ ಕ್ರಾಂತಿಯ ಪ್ಯಾರಿಸ್‌ನಲ್ಲಿ. ಅಲ್ಲಿನ ನಾತ್ರ್ ದಾಮ್ ಚರ್ಚಿನ ಹಳೆಯ ಶಿಖರವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಕಳಚಿ ತೆಗೆದಿದ್ದರು. ಜಗತ್ತಿಗೆಲ್ಲ ಪರಿಚಿತವಾದ ಶಿಖರ 1859ರದು. ಆದರೂ ಗೇಮ್‌ನಲ್ಲಿ ಆ ಪರಿಚಿತ ಶಿಖರವೇ ಇದೆ, ಏಕೆಂದರೆ ಅದಿಲ್ಲದ ನಾತ್ರ್ ದಾಮ್ ಜನರಿಗೆ ನಾತ್ರ್ ದಾಮ್ ಅನ್ನಿಸುವುದಿಲ್ಲ. ವ್ಯಾಪಾರದ ದೃಷ್ಟಿಯಿಂದ ಆ ನಿರ್ಧಾರ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ವಿಷಯದಲ್ಲಿ ನಾನು ಒಪ್ಪಲಾರೆ. ನಗರದ ಪೂರ್ವ ದಿಕ್ಕಿಗೆ ನೋಡಿದಾಗ ಆ ದೊಡ್ಡ ಗುಮ್ಮಟ ಕಾಣದಿರುವುದೇ ಆಟಗಾರನಿಗೆ ಆಗಬೇಕಾದ ಮೊದಲ ಪಾಠ. ಅದನ್ನು ಕಟ್ಟಿಸಲಿರುವ ಮುಹಮ್ಮದ್ ಆದಿಲ್ ಶಾಹ 1627ರಲ್ಲಿ ಪಟ್ಟಕ್ಕೆ ಬರಬೇಕು. 1604ರ ಆಟಗಾರ ನಿಂತಿರುವುದು ನಮಗೆ ಗೊತ್ತಿರುವ ವಿಜಯಪುರ ಇನ್ನೂ ಆಗಿರದ ವಿಜಯಪುರದಲ್ಲಿ.

ಎಲ್ಲ ಕಟ್ಟಡಗಳೂ ಬೇಕೆಂದರೆ 1685ಕ್ಕೆ ಹೋಗಬೇಕು. ಎಲ್ಲವೂ ಇರುತ್ತದೆ, ಮುತ್ತಿಗೆಯೂ ಇರುತ್ತದೆ. ಆಗ ಗೇಮ್ ಯುದ್ಧದ ಕಡೆಗೆ ವಾಲುತ್ತದೆ, ಅರಮನೆ ಬರೀ ಹಿನ್ನೆಲೆಯ ಪರದೆಯಾಗುತ್ತದೆ. ಆ ಗೇಮ್ ಬೇರೆ.

ಇನ್ನು, ಪೂರ್ತಿ ಅಳಿದ ಅರಮನೆಯನ್ನು ಗೇಮ್‌ನಲ್ಲಿ ಕಟ್ಟಬಹುದೇ? ಯೂನಿಟಿಯಲ್ಲಿಯೇ ಅದಕ್ಕೆ ಉದಾಹರಣೆಯಿದೆ. ಪ್ಯಾರಿಸ್‌ನ ತ್ವಿಲರಿ ಅರಮನೆಯ ಕೆಲಸ 1564ರಲ್ಲಿ ಆರಂಭವಾಯಿತು. 1789ರ ಅಕ್ಟೋಬರ್‌ನಲ್ಲಿ ಜನ ಹದಿನಾರನೆಯ ಲೂಯಿಯನ್ನು ವರ್ಸೇಲ್ಸ್‌ನಿಂದ ಕರೆತಂದು ಅಲ್ಲಿರಿಸಿದರು, 1792ರ ಆಗಸ್ಟ್ 10ರಂದು ಅದಕ್ಕೆ ನುಗ್ಗಿದರು. 1871ರ ಮೇ ತಿಂಗಳಲ್ಲಿ ಪ್ಯಾರಿಸ್ ಕಮ್ಯೂನ್ ಎಂಬ ಜನರ ಬಂಡಾಯದ ಕೊನೆಯ ದಿನಗಳಲ್ಲಿ ಅದು ಸುಟ್ಟುಹೋಯಿತು, ಉಳಿದ ಗೋಡೆಗಳನ್ನು 1883ರಲ್ಲಿ ಕೆಡವಿದರು. ಇಂದು ಅಲ್ಲಿ ಉದ್ಯಾನವಿದೆ, ಅರಮನೆಯಿಲ್ಲ. ಗೇಮ್‌ನಲ್ಲಿ ಮಾತ್ರ ಅದರ ಒಳಗೆ ನಡೆಯಬಹುದು. ಅದು ಸಾಧ್ಯವಾದದ್ದು ನಕ್ಷೆ, ಚಿತ್ರ, ಬರಹಗಳು ಹೇರಳವಾಗಿ ಉಳಿದಿರುವುದರಿಂದ. ವರ್ಸೇಲ್ಸ್‌ನ ರಾಯಭಾರಿಗಳ ಮೆಟ್ಟಿಲೂ ಹಾಗೆಯೇ. 1752ರಲ್ಲಿ ಅದನ್ನು ಒಡೆದು ಹಾಕಿದರು, ಆದರೆ ಅದರ ಕೆತ್ತನೆಮುದ್ರಣದ ಚಿತ್ರಗಳು ಉಳಿದುಕೊಂಡವು.

ನಮ್ಮಲ್ಲಿ ಅಷ್ಟು ಇಲ್ಲ, ಆದರೆ ಬರಿಗೈಯೂ ಅಲ್ಲ. ಪುರಾತತ್ವ ಅಧಿಕಾರಿ ಹೆನ್ರಿ ಕೌಸೆನ್ಸ್ 1916ರಲ್ಲಿ ಪ್ರಕಟಿಸಿದ ವಿಜಯಪುರದ ಕಟ್ಟಡಗಳ ಸಮೀಕ್ಷೆಯಲ್ಲಿ ಅಳತೆ ಹಿಡಿದು ಬರೆದ ನಕ್ಷೆಗಳಿವೆ. ಅದಕ್ಕಿಂತ ಅಮೂಲ್ಯವಾದದ್ದು ದಖ್ಖನಿ ಚಿತ್ರಕಲೆ. ಇಬ್ರಾಹಿಮನ ಆಸ್ಥಾನದಲ್ಲಿ ಫಾರೂಖ್ ಬೇಗ್‌ನಂಥ ಕಲಾವಿದರು ಬರೆದ ಚಿತ್ರಗಳು ಇಂದು ಲಂಡನ್, ಪ್ರಾಗ್, ನ್ಯೂಯಾರ್ಕ್‌ಗಳ ಸಂಗ್ರಹಾಲಯಗಳಲ್ಲಿವೆ. ಅವುಗಳಲ್ಲಿ ದೊರೆಯ ತೆಳುವಾದ ಮಲ್‌ಮಲ್ ಅಂಗಿ, ಕೊರಳ ರುದ್ರಾಕ್ಷಿ, ಕೈಯ ವಾದ್ಯ, ಹೂಗಿಡಗಳು ಕಾಣುತ್ತವೆ. ಪರದೆಯ ಬಣ್ಣ ಯಾವುದು ಎಂಬ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದಿದ್ದರೂ ಆ ಕಾಲದವರ ಕಣ್ಣಿಗೆ ಯಾವ ಬಣ್ಣಗಳು ಹಿತವಾಗಿದ್ದವು ಎಂಬುದಂತೂ ತಿಳಿಯುತ್ತದೆ. ಸದ್ದಿಗೂ ಆಧಾರವಿದೆ. ಇಬ್ರಾಹಿಂ ಸ್ವತಃ ದಖ್ಖನಿ ಭಾಷೆಯಲ್ಲಿ ಹಾಡುಗಳನ್ನು ಕಟ್ಟಿದವನು, ರಾಗಗಳ ಹೆಸರಿನಡಿ ಜೋಡಿಸಿದ ಆ ಹಾಡುಗಳಲ್ಲಿ ಸರಸ್ವತಿ, ಗಣಪತಿಯರ ಸ್ತುತಿಯಿದೆ. ಮೋತಿಖಾನ್ ಎಂದು ಹೆಸರಿಟ್ಟ ಅವನ ತಂಬೂರಿಯೂ ಆತಿಶ್ ಖಾನ್ ಎಂಬ ಅವನ ಆನೆಯೂ ಅಲ್ಲಿ ಬರುತ್ತವೆ. ಈ ಅರಮನೆಯ ಗೇಮ್‌ಗೆ ಹಿನ್ನೆಲೆ ಸಂಗೀತ ಮಾಡುವವರು ಎಲ್ಲಿಂದಲೋ ಅರಬ್ ಮರುಭೂಮಿಯ ವಾದ್ಯ ತಂದು ನುಡಿಸಿದರೆ ಅದು ದೊಡ್ಡ ಅನ್ಯಾಯ.

ಇಲ್ಲೊಂದು ತಾಂತ್ರಿಕ ಒತ್ತಡದ ಬಗ್ಗೆ ಹೇಳಲೇಬೇಕು. ಹೆಚ್ಚಿನ ಸಾಹಸ ಗೇಮ್‌ಗಳಲ್ಲಿ ಕ್ಯಾಮೆರಾ ಪಾತ್ರದ ಬೆನ್ನ ಹಿಂದೆ ತೇಲುತ್ತಿರುತ್ತದೆ. ಕಿರಿದಾದ ಮೆಟ್ಟಿಲಿನಲ್ಲಿ, ಚಿಕ್ಕ ಕೋಣೆಯಲ್ಲಿ ಅದು ಗೋಡೆಗೆ ಬಡಿಯುತ್ತದೆ, ಪಾತ್ರ ಕಾಣುವುದೇ ಇಲ್ಲ. ಅದಕ್ಕಾಗಿ ಬಾಗಿಲುಗಳನ್ನು ಅಗಲ, ಚಾವಣಿಗಳನ್ನು ಎತ್ತರ, ಕೋಣೆಗಳನ್ನು ದೊಡ್ಡದು ಮಾಡುವುದು ಗೇಮ್ ಕಟ್ಟುವವರ ರೂಢಿ. ದರ್ಬಾರಿನ ಗಗನ ಮಹಲ್‌ಗೆ ಇದರಿಂದ ಹೆಚ್ಚು ಹಾನಿಯಿಲ್ಲ, ಅದು ಮೊದಲೇ ವಿಶಾಲ. ಸಾತ್ ಮಂಜಿಲ್‌ಗೆ ಇದು ಒಗ್ಗದು. ಅದರ ಸೊಗಸಿರುವುದೇ ಮೇಲೇರಿದಂತೆ ಖಾಸಗಿಯಾಗುತ್ತ ಹೋಗುವ ಕಿರಿದಾದ ಜಾಗಗಳಲ್ಲಿ. ಅಲ್ಲಿ ಕ್ಯಾಮೆರಾವನ್ನು ಪಾತ್ರದ ಕಣ್ಣಿನೊಳಗೇ ಇಡುವುದು ಸರಿ. ಗೋಡೆ ಹಿಗ್ಗಿಸುವುದಕ್ಕಿಂತ ನೋಡುವ ಬಗೆಯನ್ನು ಬದಲಿಸುವುದು ಮೇಲು.

ಹಿಗ್ಗಿಸುವುದರ ಪರಿಣಾಮವನ್ನು ಕನ್ನಡಿಗರು ಒಮ್ಮೆ ಕಂಡಿದ್ದಾರೆ. 2017ರ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’ ಗೇಮ್ ಪಶ್ಚಿಮ ಘಟ್ಟದಲ್ಲಿ ಹೊಯ್ಸಳರ ಕಾಲ್ಪನಿಕ ನಗರವೊಂದನ್ನು ತೋರಿಸಿತು. ನಮ್ಮ ನಾಡಿನ ಹೆಸರು ಜಗತ್ತಿನ ಗೇಮ್ ಆಡುವವರ ಕಿವಿಗೆ ಬಿದ್ದದ್ದು ಸಂತೋಷವೇ. ಆದರೆ ಅಲ್ಲಿ ಬೆಟ್ಟದಷ್ಟು ಎತ್ತರದ ವಿಗ್ರಹಗಳಿವೆ. ಹೊಯ್ಸಳರ ನಿಜವಾದ ಕೌಶಲ ಬಳಪದ ಕಲ್ಲಿನಲ್ಲಿ, ಬೆರಳಗಲದ ಆಭರಣವನ್ನೂ ಬಿಡದೆ ಕಡೆದ ಸೂಕ್ಷ್ಮತೆಯಲ್ಲಿ. ಬೇಲೂರಿಗೆ, ಹಳೇಬೀಡಿಗೆ ಹೋದವರು ಹತ್ತಿರ ಬಾಗಿ ನೋಡುತ್ತಾರೆ. ಗೇಮ್ ಅವರನ್ನು ದೂರ ನಿಲ್ಲಿಸಿ ತಲೆಯೆತ್ತಿಸಿತು.

ಈಗ ನನಗೆ ಅತ್ಯಂತ ಮುಖ್ಯವೆನಿಸುವ ವಿಷಯಕ್ಕೆ ಬರುತ್ತೇನೆ. ಅರಮನೆಯನ್ನು ಅರಮನೆಯನ್ನಾಗಿ ಮಾಡುವುದು ಗೋಡೆಗಳಲ್ಲ, ಯಾರು ಎಲ್ಲಿಯವರೆಗೆ ಹೋಗಬಹುದು ಎಂಬ ನಿಯಮ. ವರ್ಸೇಲ್ಸ್‌ನಲ್ಲಿ ದೊರೆ ಹಾಸಿಗೆಯಿಂದ ಏಳುವುದೇ ಒಂದು ವಿಧಿ. ಅದನ್ನು ನೋಡಲು ಯಾರು ಮೊದಲು ಒಳಗೆ ಬರಬೇಕು, ಯಾರು ಹೊರಗೆ ಕಾಯಬೇಕು ಎಂಬುದರಲ್ಲಿ ಇಡೀ ರಾಜ್ಯದ ಮೇಲುಕೀಳು ಕಾಣುತ್ತಿತ್ತು. ವಿಜಯಪುರದಲ್ಲೂ ಊರ ಕೋಟೆಯ ಬಾಗಿಲು, ಕಂದಕ, ಅರಕಿಲ್ಲಾದ ಬಾಗಿಲು, ಗಗನ ಮಹಲ್‌ನ ಮುಂದಿನ ಬಯಲು, ದರ್ಬಾರು, ಮೇಲಂತಸ್ತು, ಸಾತ್ ಮಂಜಿಲ್‌ನ ಒಳಕೋಣೆ ಎಂದು ಒಂದೊಂದೇ ಹೊಸ್ತಿಲು. ಪ್ರತಿ ಹೊಸ್ತಿಲಲ್ಲೂ ಜನ ಕಡಿಮೆಯಾಗುತ್ತಾರೆ. ಗೇಮ್ ಎಂಬುದೂ ನಿಯಮಗಳ ಕಟ್ಟಡವೇ: ಈ ಬಾಗಿಲು ತೆರೆಯಲು ಇದು ಬೇಕು, ಆ ಕಾವಲುಗಾರ ಇಂಥವರನ್ನು ಬಿಡುತ್ತಾನೆ, ಇಂಥವರನ್ನು ತಡೆಯುತ್ತಾನೆ. ಚಿತ್ರವೋ ಬರಹವೋ ಹೇಳಲಾರದ ರೀತಿಯಲ್ಲಿ ಗೇಮ್ ಅರಮನೆಯನ್ನು ಹೇಳಬಲ್ಲದು ಎನ್ನುವುದು ಇದೇ ಕಾರಣಕ್ಕೆ. ತಡೆಯುವ ಕೈ ಆಟಗಾರನ ಎದೆಗೇ ಬಂದು ತಾಕುತ್ತದೆ.

ಹಾಗಾದರೆ ನಾಯಕ ಯಾರಾಗಬೇಕು? ದೊರೆಯಾದರೆ ಎಲ್ಲ ಬಾಗಿಲುಗಳೂ ತೆರೆದಿರುತ್ತವೆ, ಆಟವೇ ಇಲ್ಲ. ಕೊಲೆಗಡುಕನಾದರೆ ಬಾಗಿಲು ಬಿಟ್ಟು ಗೋಡೆ ಹತ್ತುತ್ತಾನೆ, ನಿಯಮಗಳು ಕಾಣುವುದೇ ಇಲ್ಲ. ಲಾಲಾಂಡ್‌ನಂಥ ಸೇವಕನನ್ನು ಆರಿಸಿದ 1996ರ ಆ ತಂಡದ ಜಾಣ್ಮೆಗೆ ನಾನು ತಲೆಬಾಗುತ್ತೇನೆ. ನಮ್ಮ ಅರಮನೆಗೆ ನಾನು ಸೂಚಿಸುವ ನಾಯಕ ನೀರಿನ ಕೆಲಸದವನು.

ಕಾರಣ ಇಷ್ಟೇ, ವಿಜಯಪುರದಲ್ಲಿ ನೀರು ಹೋಗದ ಜಾಗವಿರಲಿಲ್ಲ. ತೊರವಿಯ ಕಡೆಯಿಂದ ನೆಲದಡಿಯ ಸುರಂಗದಲ್ಲಿ, ಅಂದರೆ ಕರೇಜ್‌ನಲ್ಲಿ, ನೀರು ಊರಿಗೆ ಬರುತ್ತಿತ್ತು. ಉದ್ದಕ್ಕೂ ಗಾಳಿಬಾವಿಗಳು. ಊರೊಳಗೆ ಗಾರೆಯಲ್ಲಿ ಹುದುಗಿಸಿದ ಮಣ್ಣಿನ ಕೊಳವೆಗಳು, ನಡುನಡುವೆ ಗಂಜ್ ಎಂಬ ಕಲ್ಲಿನ ಗೋಪುರಗಳು. ನೀರಿನ ಒತ್ತಡ ಹೆಚ್ಚಿ ಕೊಳವೆ ಒಡೆಯದಂತೆ ಆ ಗೋಪುರಗಳು ತಡೆಯುತ್ತಿದ್ದವು, ಹೂಳನ್ನೂ ಹಿಡಿದಿಡುತ್ತಿದ್ದವು. ಇಂದಿಗೂ ಊರಿನ ಹಲವೆಡೆ ಅವನ್ನು ಕಾಣಬಹುದು, ಎಷ್ಟೋ ಜನ ಏನೆಂದು ತಿಳಿಯದೆ ಅವುಗಳ ಪಕ್ಕದಲ್ಲೇ ಹಾದು ಹೋಗುತ್ತಾರೆ. ಆ ನೀರು ಜಲ ಮಂಜಿಲ್‌ನ ಕೊಳ ತುಂಬಿ, ಸಾತ್ ಮಂಜಿಲ್‌ನ ತೊಟ್ಟಿಗಳಿಗೂ ಏರುತ್ತಿತ್ತು. ಕೊಳವೆ ಕಟ್ಟಿಕೊಂಡರೆ ಯಾರನ್ನಾದರೂ ಒಳಗೆ ಬಿಡಲೇಬೇಕು. ಊರಾಚೆಯ ಸುರಂಗದಿಂದ ಹಿಡಿದು ದೊರೆಯ ಸ್ನಾನದ ಕೋಣೆಯವರೆಗೆ ನ್ಯಾಯವಾಗಿ ಕಾಲಿಡಬಲ್ಲವನು ಅವನೊಬ್ಬನೇ. ರಾಯಭಾರಿಯ ಗುಟ್ಟಿನ ಪತ್ರ, ಮದುವೆಗೆ ಒಲ್ಲದವರ ಸಂಚು, ಎಲ್ಲವೂ ಅವನ ಕಿವಿಗೆ ಬೀಳುತ್ತದೆ. ಅವನನ್ನು ಮಾತ್ರ ಯಾರೂ ಗಮನಿಸುವುದಿಲ್ಲ.

ಇನ್ನೊಂದು ಬಗೆಯ ಬಾಗಿಲೂ ಇದೆ, ಅದು ಭಾಷೆ. ರಾಯಭಾರಿಯ ಮಾತು ಪಾರಸಿ. ದೊರೆಯ ಹಾಡು ದಖ್ಖನಿ. ಕಂದಾಯದ ಲೆಕ್ಕ ಬರೆಯುವವನ ಕೈಯಲ್ಲಿ ಮೋಡಿ ಲಿಪಿಯ ಮರಾಠಿ. ಸೈನ್ಯದಲ್ಲಿ ಆಫ್ರಿಕಾ ಮೂಲದ ಹಬಶಿಗಳು. ತೊರವಿಯ ರೈತ, ಬಜಾರಿಗೆ ಸೊಪ್ಪು ತಂದ ಹೆಂಗಸು ಆಡುವುದು ಕನ್ನಡ. ಆಟಗಾರನಿಗೆ ಮೊದಲು ಕನ್ನಡವಷ್ಟೇ ತಿಳಿಯಲಿ, ದರ್ಬಾರಿನ ಪಾರಸಿ ಅರ್ಥವಾಗದ ಗುನುಗಾಗಿ ಕೇಳಲಿ. ಆಟ ಮುಂದುವರಿದಂತೆ ಒಂದೊಂದೇ ಭಾಷೆ ತಿಳಿಗೊಳ್ಳಲಿ. ಕತ್ತಿಯ ಬಲ ಹೆಚ್ಚಿಸಿಕೊಳ್ಳುವುದಕ್ಕಿಂತ ಇದು ಆ ನಗರಕ್ಕೆ ಹೆಚ್ಚು ಒಪ್ಪುವ ಗೆಲುವು.

ವ್ಯಕ್ತಿಗಳನ್ನು ಚಿತ್ರಿಸುವಾಗ ಎಚ್ಚರ ಇನ್ನೂ ಹೆಚ್ಚು ಬೇಕು. ಯೂನಿಟಿ ಬಂದಾಗ ಫ್ರಾನ್ಸಿನ ಎಡಪಂಥೀಯ ರಾಜಕಾರಣಿ ಜಾನ್-ಲೂಕ್ ಮೆಲಾನ್‌ಶಾಂ ಕ್ರಾಂತಿಯನ್ನೂ ಅದರ ನಾಯಕರಲ್ಲೊಬ್ಬನಾದ ರೋಬೆಸ್ಪಿಯರ್‌ನನ್ನೂ ಅದು ಚಿತ್ರಿಸಿದ ರೀತಿಯನ್ನು ಕಟುವಾಗಿ ಟೀಕಿಸಿದ್ದರು. ಇನ್ನೂರು ವರ್ಷದ ಹಿಂದಿನ ವ್ಯಕ್ತಿಗಾಗಿ ಅಲ್ಲಿ ಅಷ್ಟು ಬಿಸಿ. ಆದಿಲ್ ಶಾಹಿಗಳು, ಮೊಘಲರು, ಮರಾಠರು ಎಂದ ಕೂಡಲೇ ಇಲ್ಲಿಯೂ ಬಿಸಿಯೇರುತ್ತದೆ. ಒಬ್ಬನನ್ನು ದೇವರನ್ನಾಗಿ, ಇನ್ನೊಬ್ಬನನ್ನು ರಾಕ್ಷಸನನ್ನಾಗಿ ಮಾಡುವುದು ಗೇಮ್‌ಗೆ ಅತಿ ಸುಲಭ, ಏಕೆಂದರೆ ಕೊನೆಯ ಹಂತದಲ್ಲಿ ಹೊಡೆಯಲು ಒಬ್ಬ ಶತ್ರು ಬೇಕಿರುತ್ತದೆ. ಆದರೆ ಅರಕಿಲ್ಲಾದ ಒಳಗೇ ದೇವಾಲಯದ ಕಂಬಗಳಿಂದ ಹದಿನಾಲ್ಕನೆಯ ಶತಮಾನದಲ್ಲಿ ಕಟ್ಟಿದ ಕರೀಮುದ್ದೀನ್ ಮಸೀದಿಯೂ ಇದೆ, ದೊರೆ ಇಬ್ರಾಹಿಂ ನಡೆದುಕೊಳ್ಳುತ್ತಿದ್ದನೆಂದು ಜನ ಹೇಳುವ ನರಸಿಂಹನ ಗುಡಿಯೂ ಇದೆ. ಎರಡನ್ನೂ ಹಾಗೆಯೇ ತೋರಿಸುವ 1604ರ ಕಥೆಗೆ ಅಂಥ ಶತ್ರು ಬೇಕಾಗಿಲ್ಲ. ಮಗಳ ಮದುವೆಯ ಬಿಕ್ಕಟ್ಟೇ ಸಾಕಷ್ಟು ಬಿಗಿಯಾಗಿದೆ.

ಮೂರು ಪದರಗಳ ಸಮಸ್ಯೆಗೆ ಗೇಮ್‌ಗಳೇ ಒಂದು ಉತ್ತರ ಕಂಡುಕೊಂಡಿವೆ. ಪ್ರಾಚೀನ ಈಜಿಪ್ಟಿನ ಗೇಮ್‌ಗೆ ಯೂಬಿಸಾಫ್ಟ್ 2018ರಲ್ಲಿ ಕಾದಾಟವಿಲ್ಲದ ಪ್ರವಾಸದ ವಿಧಾನವೊಂದನ್ನು ಸೇರಿಸಿತು. ಅದರಲ್ಲಿ ಆಟಗಾರ ಸುಮ್ಮನೆ ನಡೆಯುತ್ತಾನೆ, ವಿವರಣೆ ಕೇಳುತ್ತಾನೆ. ಎಲ್ಲೆಲ್ಲಿ ತಾವು ಕಲ್ಪನೆಯ ಮೊರೆಹೋದೆವು ಎಂಬುದನ್ನು ತಯಾರಕರು ಅಲ್ಲಲ್ಲಿ ಹೇಳಿಕೊಂಡಿದ್ದಾರೆ. ನಮ್ಮ ಗೇಮ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. ಒಂದು ಗುಂಡಿ ಒತ್ತಿದರೆ ಸಾತ್ ಮಂಜಿಲ್‌ನ ಐದು ಮಹಡಿಗಳ ಉಳಿದ ಗೋಡೆ ಕಲ್ಲಿನ ಬಣ್ಣದಲ್ಲೇ ನಿಲ್ಲಲಿ, ಊಹಿಸಿದ ಮರದ ಕೆಲಸ ಬೇರೆ ಬಣ್ಣಕ್ಕೆ ತಿರುಗಲಿ, ಆರನೆಯ, ಏಳನೆಯ ಮಹಡಿಗಳು ಬರೀ ಗೆರೆಗಳಾಗಲಿ. ಮತ್ತೆ ಒತ್ತಿದರೆ ಅರಮನೆ ಮರಳಿ ತುಂಬಿಕೊಳ್ಳಲಿ.

ಇಷ್ಟಕ್ಕೆಲ್ಲ ದೊಡ್ಡ ಸ್ಟುಡಿಯೊ ಬೇಕೆಂದೇನಿಲ್ಲ. ಪುಣೆಯ ಸಣ್ಣ ತಂಡವೊಂದು ರಾಜಸ್ಥಾನದ ಅರಮನೆಗಳ ಶೈಲಿಯಿಂದ ಸ್ಫೂರ್ತಿ ಪಡೆದ ‘ರಾಜಿ’ ಎಂಬ ಗೇಮ್ ಅನ್ನು 2020ರಲ್ಲಿ ಹೊರತಂದಿತು. ಇಲ್ಲಿನ ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು, ಇತಿಹಾಸ ಓದುವವರು, ಚಿತ್ರಕಲೆಯವರು ಸೇರಿದರೆ ಜಲ ಮಂಜಿಲ್‌ನಿಂದ ಆರಂಭಿಸಬಹುದು. ಅದು ಚಿಕ್ಕದು, ಸುತ್ತ ನಾಲ್ಕೂ ಕಡೆಯಿಂದ ಫೋಟೊ ತೆಗೆಯಲು ಸಿಗುತ್ತದೆ, ಸೂರಿನ ಕೆತ್ತನೆ ಇನ್ನೂ ಚೂಪಾಗಿದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಮೊದಲು ಪಡೆಯಬೇಕು, ಡ್ರೋನ್ ಹಾರಿಸುವುದಾದರಂತೂ ಕಡ್ಡಾಯ. ಮೋಡ ಕವಿದ ದಿನ ಆರಿಸಿಕೊಳ್ಳಿ. ಬಿಸಿಲಿದ್ದರೆ ನೆರಳಿನ ಗುರುತು ಕಲ್ಲಿನ ಚಿತ್ರದೊಳಗೇ ಸೇರಿಕೊಂಡು, ಆಮೇಲೆ ಗೇಮ್‌ನ ಸೂರ್ಯ ಯಾವ ದಿಕ್ಕಿನಲ್ಲಿದ್ದರೂ ಆ ಹಳೆಯ ನೆರಳು ಹೋಗುವುದಿಲ್ಲ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಕೆಲವು ಚಿತ್ರ ತೆಗೆಯಿರಿ, ಇಲ್ಲದಿದ್ದರೆ ತಂತ್ರಾಂಶಕ್ಕೆ ಮಂಟಪದ ಆಕಾರ ಸಿಗುತ್ತದೆ, ಗಾತ್ರ ಸಿಗುವುದಿಲ್ಲ. ಪ್ರತಿ ಕಡತದ ಹೆಸರಿನಲ್ಲೇ ಅಳೆದದ್ದು, ಊಹಿಸಿದ್ದು, ಕಲ್ಪಿಸಿದ್ದು ಎಂದು ಮೊದಲ ದಿನದಿಂದಲೇ ಗುರುತು ಹಾಕುತ್ತ ಹೋಗಿ.